ಸೋಯಾ ಪಟ್ಟಿಯ ಮಣ್ಣೆತ್ತುಗಳು

ಮದುವೆಯಾಗಿ ಕುರುಗೋಡಿಗೆ ಬಂದ ವರ್ಷ ನನಗೆ ಹೊಲದ ಹುಚ್ಚು ಹಿಡಿಯಿತು. ಹುಚ್ಚೆಂದೇ ಹೇಳುತ್ತೇನೆ, ಸಂಕೋಚವೇನಿಲ್ಲ. ನಾನು ಹುಟ್ಟಿ ಬೆಳೆದದ್ದು ಬಳ್ಳಾರಿ ಪೇಟೆಯಲ್ಲಿ, ಕೋಟೆ ಗುಡ್ಡದ ಬುಡಕ್ಕೆ ಅಂಟಿಕೊಂಡ ಮನೆಯಲ್ಲಿ. ಅಪ್ಪ ಕಚೇರಿ ಗುಮಾಸ್ತ. ಮುಂದೆ ನೋಡಿದರೆ ಬಂಡೆ, ಹಿಂದೆ ನೋಡಿದರೆ ಬಂಡೆ, ಬೇಸಿಗೆಯಲ್ಲಿ ಎರಡರ ಮೇಲೂ ರೊಟ್ಟಿ ಸುಡಬಹುದು. ನಾನು ಕಂಡಿದ್ದ ಬೇಸಾಯವೆಂದರೆ ಅವ್ವ ಒಡೆದ ಕೊಡದಲ್ಲಿ ಬೆಳೆಸುತ್ತಿದ್ದ ಕೊತ್ತಂಬರಿ. ಅಂಥವಳು ಮೊದಲ ಮುಂಗಾರಿನಲ್ಲಿ ಬುತ್ತಿ ಹೊತ್ತು ಗಂಡನ ಮನೆಯ ಎರೆಹೊಲಕ್ಕೆ ಹೋದೆ. ಹಿಂದಿನ ದಿನ ಮಳೆಯಾಗಿತ್ತು. ಹೆಜ್ಜೆ ಹೆಜ್ಜೆಗೂ ಕಾಲಿಗೆ ಕರಿಮಣ್ಣು ಮೆತ್ತಿಕೊಂಡು ನಾನು ಎತ್ತರವಾಗುತ್ತ ಹೋದೆ. ಬದುವಿಗೆ ಮುಟ್ಟುವ ಹೊತ್ತಿಗೆ ಗಂಡನಿಗಿಂತ ಎತ್ತರವಾಗಿದ್ದೆ. ಬುತ್ತಿ ಇಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅತ್ತೆ ನಗಲಿಲ್ಲ. ಗಂಡನ ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಹೊಲ, ಎತ್ತು, ಕಣ, ಕಣಜ ಎಲ್ಲದಕ್ಕೂ ಅತ್ತೆಯೇ ಯಜಮಾನಿ. ಬಿತ್ತನೆಯಲ್ಲಿ ಮಗ ಎತ್ತು ಹೂಡಿ ಕೂರಿಗೆ ಹೊಡೆದರೆ, ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಿದ್ದವರು ಅವರೇ. ಅವರ ಬೆರಳ ಸಂದಿನಿಂದ ಬೀಜ ಬೀಳುವುದನ್ನು ನೋಡುತ್ತ ನಾನು ಬಾಯಿ ತೆರೆದು ನಿಂತುಬಿಟ್ಟಿದ್ದೆ.

"ಬುತ್ತಿ ತಂದಿ, ಇಟ್ಟಿ, ಆತು. ಮನಿಗಿ ನಡಿ," ಎಂದರು ಅತ್ತೆ. "ನೀ ಪ್ಯಾಟಿ ಹುಡುಗಿ. ಈ ಬಿಸಲಾಗ ಎರಡು ದಿನ ನಿಂತ್ರ ಬೆಣ್ಣಿ ಕರಗಿದಂಗ ಕರಗ್ತಿ. ನಿನಗ ಒಲಿನ ಸರಿ."

ಒಲೆಯೇನೋ ಸರಿ. ಆದರೆ ನನ್ನ ಜೀವವೆಲ್ಲ ಆ ಬಟ್ಟಲಿನಲ್ಲಿ ಸಿಕ್ಕಿಕೊಂಡಿತ್ತು. ಒಂದೇ ಒಂದು ದಿನ ಕೂರಿಗೆಯ ಹಿಂದೆ ನಡೆದು ಬೀಜ ಬಿಡಬೇಕು. ಇಡೀ ವರ್ಷ ರೊಟ್ಟಿ ಬಡಿಯುವಾಗಲೂ ನನ್ನ ಬೆರಳುಗಳು ಜೋಳದ ಹಿಟ್ಟನ್ನು ಬೀಜದ ಹಾಗೆ ಸಣ್ಣಗೆ ಉದುರಿಸುತ್ತಿದ್ದವು. "ಹಿಟ್ಟು ಯಾಕ ಚೆಲ್ತಿ?" ಎಂದು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಮರುವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಸಿರುಗುಪ್ಪದಲ್ಲಿದ್ದ ನನ್ನ ಸೋದರಮಾವನ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ನಾನೂ ನಮ್ಮವರೂ ಹೋದೆವು. ಮಾವ ಅಲ್ಲಿಯ ಸರ್ಕಾರಿ ಬೇಸಾಯದ ತೋಟದಲ್ಲಿ ಕೆಲಸಕ್ಕಿದ್ದರು. ಸೈಕಲ್ ಹತ್ತಿ ಹಚ್ಚೊಳ್ಳಿ, ಕರೂರು ಎಂದು ಸುತ್ತಿ ರೈತರಿಗೆ ಹೊಸ ಬೆಳೆಯ ಮಾತು ಹೇಳುವುದು ಅವರ ಕೆಲಸ. ಎರಡನೇ ಮಹಾಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಆ ವರ್ಷ ಮಾವನ ತಲೆಯಲ್ಲಿ ಒಂದೇ ಕಾಳು: ಸೋಯಾ. ಕೂಸಿಗೆ ಹೆಸರಿಡುವಾಗಲೂ ಅವರ ಜೇಬಿನಲ್ಲಿ ಅದು ಗಲಗಲ ಎನ್ನುತ್ತಿತ್ತು. ಹಳದಿ ಬಣ್ಣ, ದುಂಡಗೆ, ಬಟಾಣಿಯ ತಮ್ಮನಂತಿತ್ತು. ನಾನು ಕೈಗೆ ತೆಗೆದುಕೊಂಡೆ, ಅಷ್ಟೇ, ತಿರುಗಿ ಕೊಡಲಿಲ್ಲ.

"ಬೆಳಿತೀಯೇನವ್ವಾ?" ಎಂದರು ಮಾವ, ಕಣ್ಣರಳಿಸಿ.

"ಬೆಳಿತೀನಿ ಮಾಮಾ," ಎಂದುಬಿಟ್ಟೆ. ಹಿಂದೆ ನಮ್ಮವರು ಕೆಮ್ಮಿದ್ದು ಕೇಳಿಸಿತು.

ಮಾವನಿಗೆ ಅಷ್ಟು ಸಾಕಾಗಿತ್ತು. ಉಂಡ ಎಲೆ ತೆಗೆಯುವ ಮೊದಲೇ ಪಾಠ ಶುರುವಾಯಿತು. "ಜೋಳದಂಗ ಆಳಕ್ಕ ಬಿತ್ತಬ್ಯಾಡ, ಬೆರಳಿನ ಒಂದು ಗೆಣ್ಣು ಸಾಕು. ಸಾಲಿಂದ ಸಾಲಿಗೆ ಗೇಣಿನ ಮ್ಯಾಲಿರ್ಲಿ. ನೀರು ನಿಂದ್ರಾಕ ಬಿಡಬ್ಯಾಡ. ಹೂವು ಬರೂದ್ರೊಳಗ ಕಸ ತೆಗೆದು ಮುಗಿಸಿರಬೇಕು. ಬೀಜದ ಸಿಪ್ಪಿ ಭಾಳ ತೆಳು, ಮೂಟಿ ಎತ್ತಿ ಒಗದೀ ಅಂದ್ರ ಒಳಗೇ ಸಾಯ್ತೈತಿ." ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ, "ಎಲ್ಲಕ್ಕಿಂತ ದೊಡ್ಡದು, ಇದಕ್ಕ ತನ್ನ ಹಳೇ ಹೊಲದ ಮಣ್ಣು ಬೇಕು. ನಾವು ಸೋಯಾ ಬೆಳೆದ ಮಣ್ಣಿನಾಗ ಕಣ್ಣಿಗೆ ಕಾಣದ ಜೀವ ಅದಾವು. ಅವು ಬೇರಿಗೆ ಗಂಟು ಕಟ್ಟಿ, ಗಾಳಿಯಾಗಿನ ಸಾರ ಹಿಡಿದು ಗಿಡಕ್ಕ ಉಣಿಸ್ತಾವು. ಗಂಟು ಚಿವುಟಿದ್ರ ಒಳಗ ಕೆಂಪಗಿರಬೇಕು. ನಿಮ್ಮ ನೆಲದಾಗ ಅವು ಇಲ್ಲ. ಬೆಲ್ಲದ ನೀರಾಗ ಈ ಮಣ್ಣು ಕಲಸಿ ಬೀಜಕ್ಕ ಹಚ್ಚು, ನೆರಳಾಗ ಆರಿಸು, ಬಿತ್ತು. ಇಲ್ಲಾಂದ್ರ ಗಿಡ ಬರ್ತೈತಿ, ಕಾಯಿ ಬರೂದಿಲ್ಲ."

ಅದು ನನಗೆ ತಟ್ಟನೆ ತಿಳಿಯಿತು. ಹೊಸ ಊರಿಗೆ ಬಂದ ಸೊಸೆಗೆ ತವರಿನಿಂದ ಜೊತೆಗೆ ಯಾರಾದರೂ ಬಂದು ನಾಲ್ಕು ದಿನ ಇರಬೇಕು, ಅಷ್ಟೇ ತಾನೆ?

ಹಿಂದಿರುಗುವಾಗ ಒಂದು ಗಂಟು ಬೀಜ, ಒಂದು ಮೂಟೆ ಜರಡಿ ಹಿಡಿದ ಮಣ್ಣು. ಪೆಟ್ರೋಲು ಸಿಗದೆ ಆಗ ಬಸ್ಸು ಓಡುತ್ತಿದ್ದದ್ದು ಇದ್ದಿಲ ಹೊಗೆಯಲ್ಲಿ. ಏರು ಬಂದರೆ ಗಂಡಸರೆಲ್ಲ ಇಳಿದು ನಡೆಯಬೇಕು. ಕಂಡಕ್ಟರ್ ಮೂಟೆಯನ್ನು ಕಾಲಿನಿಂದ ತಟ್ಟಿ, "ಇದರಾಗ ಏನೈತಮ್ಮಾ?" ಎಂದ.

"ಮಣ್ಣು."

"ಏನು?"

"ಮಣ್ಣು ರೀ."

ಅವನು ನಮ್ಮವರ ಮುಖ ನೋಡಿದ. ನಮ್ಮವರು, ಈ ಹೆಂಗಸು ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ, ಕಿಟಕಿಯ ಹೊರಗಿನ ಜಾಲಿ ಗಿಡ ನೋಡುತ್ತಿದ್ದರು. "ಯಾಕಮ್ಮಾ, ನಿಮ್ಮೂರಾಗ ಮಣ್ಣು ಖಾಲಿ ಆತೇನು?" ಎಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಬಳ್ಳಾರಿಯಲ್ಲಿ ಇಳಿದು ಕುರುಗೋಡಿನ ಬಸ್ಸು ಹತ್ತುವಾಗ ಅದೇ ಮಾತುಕತೆ ಇನ್ನೊಮ್ಮೆ ನಡೆಯಿತು. ಮಣ್ಣಿನ ಮೂಟೆಯನ್ನು ಹೊತ್ತು ಒಂದು ಬಸ್ಸಿನಿಂದ ಇನ್ನೊಂದಕ್ಕೆ ಸಾಗಿಸಿದ ನಮ್ಮವರು ಆ ದಿನ ನನ್ನೊಂದಿಗೆ ಆಡಿದ್ದು ಒಂದೇ ಮಾತು: "ಲೇ, ಇನ್ನ ನಿಮ್ಮ ಮಾವನ ಮನಿಗಿ ನೀ ಒಬ್ಬಾಕಿನ ಹೋಗು."

ಸಂಜೆ ಅತ್ತೆಯ ಮುಂದೆ ಬೀಜದ ಗಂಟು ಬಿಚ್ಚಿದೆ. ನಮ್ಮ ಕಡೆ ಜೋಳದ ನಡುವೆ ಅಕ್ಕಡಿ ಸಾಲು ಬಿಡುವ ಪದ್ಧತಿ ಇದೆ. ಆ ಸಾಲುಗಳಲ್ಲಿ ಹೆಸರು, ಅಲಸಂದಿ ಏನೇ ಬಂದರೂ ಅದು ಮನೆಯ ಹೆಣ್ಣುಮಕ್ಕಳ ಪಾಲು. ನನ್ನ ಪಾಲಿನ ಸಾಲುಗಳನ್ನೆಲ್ಲ ಬದುವಿನ ಹತ್ತಿರ ಒಂದೇ ಪಟ್ಟಿಯಾಗಿ ಕೊಡಿ, ಈ ಕಾಳು ಬೆಳೆಯುತ್ತೇನೆ ಎಂದೆ. ಅತ್ತೆ ಒಂದು ಕಾಳು ಬಾಯಿಗೆ ಹಾಕಿ ಕಡಿದರು, ಮುಖ ಹಿಂಡಿದರು, ಉಗುಳಿದರು.

"ಆತು. ನಿನ್ನ ಪಟ್ಟಿ ಪಕ್ಕದಾಗ ಅಷ್ಟೇ ಅಗಲದ ಪಟ್ಟಿ ನಾ ಹೆಸರು ಹಾಕ್ತೀನಿ. ನಿಂದು ಹೆಚ್ಚು ಬಂತು ಅಂದ್ರ ಬರೋ ವರ್ಷ ಬಿತ್ತಾಕ ನೀ ಬಾ, ಬಟ್ಟಲ ನಿನ್ನ ಕೈಗೆ ಕೊಡ್ತೀನಿ. ಕಡಿಮಿ ಬಂತು ಅಂದ್ರ ಹೊಲದ ಮಾತು ಇನ್ನ ಈ ಮನಿಯಾಗ ಎತ್ತಬಾರದು. ದೊಡ್ಡಬಸವಣ್ಣನ ಆಣಿ ಮಾಡು."

ಆಣೆ ಮಾಡಿದೆ. ಊರಿನ ದೊಡ್ಡ ಕಲ್ಲುಬಸವಣ್ಣನ ಆಣೆ ತಪ್ಪಿದವರು ಕುರುಗೋಡಿನಲ್ಲಿ ಯಾರೂ ಇಲ್ಲ. ಖುಷಿಯಲ್ಲಿ ತಲೆ ತಿರುಗಿದಂತಾಗಿ, ಮಣ್ಣಿನ ಮೂಟೆಯ ಮಾತನ್ನೇ ಮರೆತು, ಅದನ್ನು ಪಡಸಾಲೆಯ ಮೂಲೆಯಲ್ಲಿ ಬಿಟ್ಟು ಮಲಗಿದೆ.

ಮರುದಿನ ಮಣ್ಣೆತ್ತಿನ ಅಮಾವಾಸ್ಯೆ, ಮನೆ ಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ. ನಾನು ಬೆಳಿಗ್ಗೆ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದೆ. ತಿರುಗಿ ಬಂದು ನೋಡಿದರೆ ಜಗುಲಿಯ ಮೇಲೆ ಒಂದು ಜೊತೆ ಎತ್ತು! ಕಪ್ಪಗೆ, ನುಣ್ಣಗೆ, ಕೋಡಿಗೆ ಜೋಳದ ಕಾಳು ಸಿಕ್ಕಿಸಿಕೊಂಡು, ಮುಂದೆ ಪುಟ್ಟ ಗೋದಲಿ ಇಟ್ಟುಕೊಂಡು ನಿಂತಿದ್ದವು. ಅತ್ತೆಯ ಕೈ ಮೊಣಕೈವರೆಗೆ ಮಣ್ಣು. ಮೂಲೆಯಲ್ಲಿ ಮೂಟೆ ಖಾಲಿ.

"ಬಾರವ್ವಾ," ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು. "ಎರಡು ಬಸ್ಸು ಹತ್ತಿ ಇಳಿದು, ತವರು ಕಡೆಯಿಂದ ಎತ್ತಿಗೆ ಮಣ್ಣು ತಂದೀಯಲ್ಲ. ನನ್ನ ಸೊಸಿ ಅಂಥಾಕಿ ಅಂತ ಓಣಿಗೆಲ್ಲ ಹೇಳಿ ಬಂದೀನಿ. ಎಂಥಾ ಮಣ್ಣು ಅದು! ಎಣ್ಣಿ ಹಚ್ಚಿದಂಗ ಐತಿ. ಓಣಿ ಮನಿಗೆಲ್ಲ ಒಂದೊಂದು ಜೊತಿ ಮಾಡಿ ಕೊಟ್ಟೀನಿ."

ಆ ಮನೆಗೆ ಕಾಲಿಟ್ಟ ಮೇಲೆ ಅತ್ತೆಯ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ಒಂದು ಕಡೆ ಅಳು, ಒಂದು ಕಡೆ ನಗು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ನಮ್ಮವರು ಒಮ್ಮೆ ಖಾಲಿ ಮೂಟೆ ನೋಡಿದರು, ಒಮ್ಮೆ ಎತ್ತು ನೋಡಿದರು, ಪಂಚೆಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದರು. ಅವರ ನಗು ಗೋಡೆ ದಾಟಿ ಕೇಳಿಸುತ್ತಿತ್ತು.

ಪೂಜೆಯಾಯಿತು. ಅರಿಶಿನ, ಕುಂಕುಮ, ಹೋಳಿಗೆ. ಎತ್ತುಗಳ ಬಾಯಿಗೆ ಬೆಲ್ಲ ಮೆತ್ತಿದರು. ಮರುದಿನ ಅವುಗಳನ್ನು ಬಾವಿಗೆ ಬಿಡುವುದು ಪದ್ಧತಿ. ಸಿರುಗುಪ್ಪದಿಂದ ಬಂದ ಆ ಕಾಣದ ಜೀವಗಳು ಬಾವಿಯ ತಳ ಸೇರುತ್ತವೆ, ಅವುಗಳ ಜೊತೆಗೆ ನನ್ನ ಬಟ್ಟಲೂ. ಆ ದಿನವಿಡೀ ನಾನು ಹೋಳಿಗೆಯ ಒಂದು ತುಂಡೂ ನುಂಗಲಿಲ್ಲ.

ಬೆಳಗಾಗುತ್ತಲೇ ಅತ್ತೆ ಎತ್ತುಗಳನ್ನು ಮೊರದಲ್ಲಿಟ್ಟುಕೊಂಡು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅತ್ತೀ, ಸಿಟ್ಟಿಗೇಳಬ್ಯಾಡ್ರಿ. ಆ ಮಣ್ಣು ಎತ್ತಿಗಲ್ಲ ತಂದದ್ದು. ಬೀಜಕ್ಕ ಹಚ್ಚಾಕ ನಮ್ಮ ಮಾಮ ಕೊಟ್ಟದ್ದು." ಬೇರಿನ ಗಂಟು, ಕಾಣದ ಜೀವ, ಬೆಲ್ಲದ ನೀರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಅತ್ತೆಯ ಮುಖ ಸಣ್ಣದಾಯಿತು. "ಓಣಿಗೆಲ್ಲ ಹೇಳಿ ಬಂದೆನಲ್ಲವ್ವಾ," ಎಂದರು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಏನರ ಇರ್ಲಿ. ಪೂಜಿ ಮಾಡಿದ ಎತ್ತು. ನೀರಿಗೇ ಹೋಗಬೇಕು."

"ನೀರಿಗೇ ಹೋಗ್ಲಿ ರೀ. ಎತ್ತು ಬಾವಿಗಿ ಹೋಗೋ ಬದಲು ಬಾವಿನ ಎತ್ತಿನ ಹತ್ರ ಬಂದ್ರ? ಬಾನಿಯಾಗ ಬಾವಿ ನೀರು ತುಂಬೂಣು. ಅದೂ ಗಂಗವ್ವನ ಅಲ್ಲೇನ್ರಿ?"

ಅತ್ತೆ ಮೊರ ಹಿಡಿದುಕೊಂಡೇ ನಿಂತರು. ಎತ್ತು ನೋಡಿದರು, ನನ್ನನ್ನು ನೋಡಿದರು. ಅವರ ತುಟಿಯ ಒಂದು ತುದಿ ಮೇಲೆ ಹೋಯಿತು. "ವಕೀಲನ ಮಗಳಾಗಿ ಹುಟ್ಟಬೇಕಿತ್ತು ನೀ," ಎಂದರು. "ತಗೊಂಡ್ಬಾ ಬಾನಿ."

ಓಣಿಯ ಮನೆ ಮನೆಗೆ ಓಡಿದೆ. "ನಿಮ್ಮ ಎತ್ತು ಕೊಡ್ರಿ, ನಮ್ಮ ಮನ್ಯಾಗ ಬಿಡ್ತೀವಿ," ಎಂದು ಬುಟ್ಟಿ ಹಿಡಿದು ನಿಂತವಳನ್ನು ನೋಡಿ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು; ಆದರೂ ಕೊಟ್ಟರು. ಕೋಡು ಮುರಿದದ್ದು, ಬಾಲ ಹೋದದ್ದು, ಇಲಿ ಬೆಲ್ಲದ ಜೊತೆ ಮೂತಿಯನ್ನೂ ತಿಂದು ಹೋಗಿದ್ದದ್ದು, ಎಲ್ಲ ಬುಟ್ಟಿ ಸೇರಿದವು. ಬಾನಿಯ ಮುಂದೆ ಅತ್ತೆ ಊದಿನಕಡ್ಡಿ ಹಚ್ಚಿ, ಕೈ ಮುಗಿದು, ಒಂದೊಂದನ್ನೇ ನೀರಿಗಿಳಿಸಿದರು. ಅವು ಮೊದಲು ಮಂಡಿಯೂರಿದವು, ಆಮೇಲೆ ಕರಗಿದವು. ಅವುಗಳ ಬಾಯಿಯ ಬೆಲ್ಲವೂ ಕರಗಿತು. ಸಾಲದ್ದಕ್ಕೆ ಮನೆಯಲ್ಲಿ ಉಳಿದ ಬೆಲ್ಲವನ್ನೂ ಹಾಕಿ ಕಲಸಿದೆ. ಮಾವ ಹೇಳಿದ ಪಾಕ ಹಾಗೇ ಸಿದ್ಧವಾಯಿತು. ಬೀಜಗಳು ಕಪ್ಪು ಮಣ್ಣು ಹೊದ್ದು ನೆರಳಿನಲ್ಲಿ ಆರಿದವು. ಅಲ್ಲೊಂದು ಇಲ್ಲೊಂದು ಬೀಜದ ಹಣೆಗೆ ಕುಂಕುಮವೂ ಹತ್ತಿತ್ತು.

ಬಿತ್ತುವಾಗ ಬಟ್ಟಲು ಅತ್ತೆಯ ಕೈಯಲ್ಲೇ ಇತ್ತು. ನಾನು ಗೆಲ್ಲದೆ ಕೊಡುವವರಲ್ಲ ಅವರು. ನಾನು ಬದುವಿನ ಮೇಲೆ ಕುಣಿಯುತ್ತ, "ಆಳ ಆತ್ರಿ! ಆಳ ಆತು! ಒಂದು ಗೆಣ್ಣು!" ಎಂದು ಕೂಗುತ್ತಿದ್ದೆ. ಜೋಳಕ್ಕೆ ಒತ್ತಿ ರೂಢಿಯಾದ ಕೈಯಿಂದ ಕೂರಿಗೆಯನ್ನು ಹಗುರಾಗಿ ಎತ್ತಿ ಹಿಡಿದು ನಮ್ಮವರ ರಟ್ಟೆ ಬಿದ್ದುಹೋಯಿತು. ಎತ್ತುಗಳಿಗೂ ಗಲಿಬಿಲಿ. ಭಾರವಿಲ್ಲದ್ದಕ್ಕೆ ಅವು ಓಡತೊಡಗಿದವು, ಹಿಂದೆ ನಮ್ಮವರು, ಅವರ ಹಿಂದೆ ಸೀರೆ ಎತ್ತಿ ಕಟ್ಟಿದ ಅತ್ತೆ. ನಾನು ನಕ್ಕ ನಗುವಿಗೆ ಪಕ್ಕದ ಹೊಲದವರು ಕೆಲಸ ಬಿಟ್ಟು ಬಂದರು.

ಸೋಯಾ ಚೆನ್ನಾಗಿ ಎದ್ದಿತು. ಕಸ ತೆಗೆಸಿದೆ, ನೀರು ನಿಲ್ಲದಂತೆ ಬದುವಿಗೆ ಗಂಡಿ ಹೊಡೆಸಿದೆ. ಮಧ್ಯಾಹ್ನದ ಪಾತ್ರೆ ತೊಳೆದು ಮುಗಿಸಿದೆನೋ ಇಲ್ಲವೋ, ಪಟ್ಟಿಯ ಹತ್ತಿರ ಓಡುತ್ತಿದ್ದೆ. ಆದರೆ ಗಿಡ ಗೇಣುದ್ದವಾಗುವ ಹೊತ್ತಿಗೆ ಹಳದಿಗೆ ತಿರುಗಿತು. ಪಕ್ಕದ ಹೆಸರು ಕಣ್ಣು ಕುಕ್ಕುವ ಹಸಿರು, ನನ್ನದು ಕಾಮಾಲೆ ಹಿಡಿದಂತೆ. ಅತ್ತೆ ದಿನಾ ಬಂದು ನೋಡಿ ಹೋದರು. ಒಂದು ದಿನ ಅಂದರು.

"ಸಾಕವ್ವಾ. ಕಿತ್ತು ಹುರಳಿ ಚೆಲ್ಲೂಣು. ನೆಲ ಖಾಲಿ ಬೀಳೂದು ಬ್ಯಾಡ." ಹೀಗೆಂದು ಬಗ್ಗಿ ಒಂದು ಗಿಡ ಕಿತ್ತೇಬಿಟ್ಟರು. ಬೇರಿನ ತುಂಬ ಸಣ್ಣ ಸಣ್ಣ ಗಂಟು. "ನೋಡು! ಬೇರಿಗೇ ರೋಗ ಬಡದೈತಿ."

ಅವರ ಕೈಯಿಂದ ಗಿಡ ಇಸಿದುಕೊಂಡು ಒಂದು ಗಂಟನ್ನು ಉಗುರಿನಿಂದ ಚಿವುಟಿದೆ. ಒಳಗೆ ಕೆಂಪಗಿತ್ತು. ಇನ್ನೊಂದು ಚಿವುಟಿದೆ. ಅದೂ ಕೆಂಪು. ಉಗುರಿಗೆ ರಕ್ತದಂಥ ಬಣ್ಣ ಹತ್ತಿತು.

"ಅತ್ತೀ, ರೋಗ ಅಲ್ರಿ. ಇವ ಅವು. ಮಾಮ ಹೇಳಿದ್ದ ಗಂಟು ಇವ."

ಅತ್ತೆ ನನ್ನ ಕೈ ಹಿಡಿದು ಕಣ್ಣಿನ ಹತ್ತಿರ ತಂದುಕೊಂಡರು. ತಾವೂ ಒಂದು ಗಂಟು ಚಿವುಟಿದರು. ಆಮೇಲೆ ಚಪ್ಪಲಿ ಬಿಟ್ಟು, ಬದುವಿನ ಆಚೆ ಇಟ್ಟು ಬಂದರು. "ಜೀವ ಐತವ್ವಾ ಇದರಾಗ," ಎಂದರು. "ನಮ್ಮ ಎತ್ತು ಇಲ್ಲೇ ಅದಾವು. ನೆಲದ ಒಳಗ ದುಡಿಯಾಕತ್ತಾವು." ಅವತ್ತಿನಿಂದ ಅತ್ತೆ ಆ ಪಟ್ಟಿಗೆ ಚಪ್ಪಲಿ ಮೆಟ್ಟಿ ಇಳಿಯಲಿಲ್ಲ, ಬೇರೆಯವರನ್ನೂ ಇಳಿಯಗೊಡಲಿಲ್ಲ.

ಕೆಲವೇ ದಿನಗಳಲ್ಲಿ ಗಿಡ ಕಪ್ಪು ಹಸಿರಾಗಿ ಮೈ ತುಂಬಿಕೊಂಡಿತು. ನಾನು ಗಿಡಗಳ ಜೊತೆ ಮಾತಾಡುತ್ತಿದ್ದೆ ಎಂದು ನಮ್ಮವರು ಇಂದಿಗೂ ಆಡಿಕೊಳ್ಳುತ್ತಾರೆ. ಆಡುತ್ತಿದ್ದೆ, ಅದರಲ್ಲೇನು? ಹೆಸರು ಬೇಗ ಬಂತು. ಅತ್ತೆ ಬಿಡಿಸಿ, ಬಡಿದು, ಬುಟ್ಟಿಯಲ್ಲಿ ಅಳೆದು ಇಟ್ಟರು. ಒಳ್ಳೆಯ ಬೆಳೆಯೇ. ನನ್ನ ನಿದ್ದೆ ಹಾರಿತು. ಸೋಯಾ ನಿಧಾನಸ್ಥ, ಎಲೆ ಉದುರಿ ಕಾಯಿ ಗಲಗಲ ಎನ್ನುವವರೆಗೆ ಕಾಯಬೇಕು. ತಡವಾದರೆ ಬಿಸಿಲಿಗೆ ಕಾಯಿ ಸಿಡಿದು ಕಾಳೆಲ್ಲ ನೆಲದ ಪಾಲು. ಅದಕ್ಕೇ ಇಬ್ಬನಿ ಆರುವ ಮೊದಲು ಕೊಯ್ದೆವು. ಕಣದಲ್ಲಿ ಕಾಳು ಬಿಡಿಸಲು ಕಲ್ಲಿನ ಗುಂಡು ಹೊಡೆಯುತ್ತೇನೆಂದು ನಮ್ಮವರು ಎತ್ತು ಕಟ್ಟಿದರೆ, ತೆಳು ಸಿಪ್ಪೆಯ ಬೀಜ ಒಡೆದೀತೆಂದು ನಾನು ಗುಂಡಿನ ಮೇಲೆಯೇ ಕುಳಿತುಬಿಟ್ಟೆ. ಕೋಲಿನಿಂದ ಮೆಲ್ಲಗೆ ಬಡಿದೆವು. ಕಾಳು ಮಿಡತೆಯ ಹಾಗೆ ಚಿಮ್ಮಿ ಅತ್ತೆಯ ತುರುಬಿನಲ್ಲಿ, ನನ್ನ ಕುಪ್ಪಸದಲ್ಲಿ, ನಮ್ಮವರ ಕಿವಿಯಲ್ಲಿ ಸೇರಿಕೊಂಡಿತು.

ಅಳೆದವರು ಅತ್ತೆ, ಅದೇ ಬುಟ್ಟಿಯಲ್ಲಿ. ಹೆಸರಿನ ಅಳತೆ ಮುಟ್ಟಿತು. ಅತ್ತೆಯ ಕೈ ನಿಲ್ಲಲಿಲ್ಲ. ರಾಶಿ ಇನ್ನೂ ಮೊಣಕಾಲೆತ್ತರ ಉಳಿದಿತ್ತು. ನಾನು ನಮ್ಮವರ ಹೆಗಲು ಹಿಡಿದು ಗಿರಗಿರ ತಿರುಗಿದೆ, ಅತ್ತೆ ಎದುರಿಗಿದ್ದಾರೆಂಬ ನಾಚಿಕೆಯೂ ಇಲ್ಲದೆ. "ಕುಣೀಬ್ಯಾಡ, ಕಾಳು ತುಳೀತಿ," ಎಂದರು ಅತ್ತೆ, ಅಷ್ಟೇ. ಆಣೆಯ ಮಾತು ಎತ್ತಲಿಲ್ಲ.

ಆ ಕಾಳು ಬೇಯಿಸಲು ಪಟ್ಟ ಪಾಡು ಬೇರೆಯೇ ಕತೆ. ಅರ್ಧ ದಿನ ಕುದಿಸಿದರೂ ಗೋಲಿಯಂತೆ ಗಟ್ಟಿ, ಮೇಲೆ ಹಸಿ ವಾಸನೆ. ಕೊನೆಗೆ ಅತ್ತೆಯೇ ಹುರಿದು ಜೋಳದ ಜೊತೆ ಬೀಸಿದರು. ಆ ರೊಟ್ಟಿ ಮಾತ್ರ ಅಮೃತ. ಆಗಲೂ ಅತ್ತೆ ಬಟ್ಟಲಿನ ಮಾತು ಆಡಲಿಲ್ಲ. ನಾನೂ ಕೇಳಲಿಲ್ಲ. ಓಣಿಯ ಮುಂದೆ ಅವರ ಮಾತು ಸಣ್ಣದಾದದ್ದನ್ನು ನಾನು ಮರೆತಿರಲಿಲ್ಲ. ಅವರಾಗಿಯೇ ಕೊಡಲಿ ಎಂದು ಸುಮ್ಮನಿದ್ದೆ. ಸುಮ್ಮನಿರುವುದು ನನಗೆಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಮುಂದಿನ ಮುಂಗಾರು ಬಿತ್ತು. ಬಿತ್ತನೆಯ ದಿನ ಎಂದಿನಂತೆ ಒಲೆ ಹಚ್ಚಲು ಎದ್ದು ಬಂದರೆ ಒಲೆ ಆಗಲೇ ಉರಿಯುತ್ತಿತ್ತು. ಅತ್ತೆ ಅದರ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಮಗ್ಗುಲಲ್ಲಿ ಕೂರಿಗೆಯ ಬಟ್ಟಲು, ಆಗಲೇ ಮಣ್ಣು ಹಚ್ಚಿ ಆರಿಸಿದ ಸೋಯಾ ಬೀಜ. ಕಳೆದ ವರ್ಷದ ನನ್ನ ಪಟ್ಟಿಯ ಮಣ್ಣು ಅದು. ಇನ್ನೊಂದು ಪಾಲು ಮಣ್ಣನ್ನು ಅಮಾವಾಸ್ಯೆಯ ಎತ್ತಿಗೆಂದು ಬೇರೆ ಮುಚ್ಚಿಟ್ಟಿದ್ದರು.

"ಏನು ನೋಡ್ತಿ? ಎತ್ತು ಹೂಡ್ಯಾನ ನಿನ್ನ ಗಂಡ. ಲಗೂ ಹೋಗು, ಹದ ಆರ್ತೈತಿ."

ನಾನು ಓಡಿದೆ. ಹೊಲ ಮುಟ್ಟುವವರೆಗೆ ನಿಲ್ಲಲಿಲ್ಲ. ಬೀಜ ನನ್ನ ಬೆರಳ ಸಂದಿನಿಂದ ಜಾರಿ ಬಟ್ಟಲಿಗೆ ಬೀಳುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೊದಲ ಸಾಲು ದಪ್ಪವಾಯಿತು, ಎರಡನೆಯದು ತೆಳುವಾಯಿತು, ಆಮೇಲೆ ಕೈ ಕುದುರಿತು. ಮುಂದೆ ನಮ್ಮವರು ಏನೋ ಹಾಡಿಕೊಳ್ಳುತ್ತಿದ್ದರು. ನಾನು ಮೇಲೆ ನೋಡಲೇ ಇಲ್ಲ.

ಹೊತ್ತು ನೆತ್ತಿಗೆ ಬಂದಾಗ ಬದುವಿನ ಕಡೆಯಿಂದ ಯಾರೋ ಕೂಗಿದರು. ತಲೆ ಎತ್ತಿದೆ. ಎರಡು ವರ್ಷ ನಾನು ಹೊತ್ತು ತಂದು, ಇಳಿಸಿ, ತಿರುಗಿ ಹೋಗುತ್ತಿದ್ದ ಬುತ್ತಿಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಅತ್ತೆ ಬರುತ್ತಿದ್ದರು. ಕಾಲಿಗೆ ಮಣ್ಣು ಮೆತ್ತಿ ಮೆತ್ತಿ ಅವರೂ ಎತ್ತರವಾಗಿದ್ದರು. ನಾನು ನಕ್ಕೆ, ಈ ಸಲ ಅವರೂ ನಕ್ಕರು.

"ಉಣ್ಣು ಬಾ," ಎಂದರು ಬುಟ್ಟಿ ಇಳಿಸುತ್ತ. "ಇವತ್ತು ನಿನ್ನ ಪಾಳಿ. ನಾಳಿ ಬಟ್ಟಲ ನಂದು, ಬುತ್ತಿ ನಿಂದು."